ಪ್ಲಗಿನ್‌ನಲ್ಲಿ ಹಸಿರು ದೀಪ, ಗೂಗಲ್‌ನಲ್ಲಿ ಪುಟ ಕೆಳಗೆ: ಕೀವರ್ಡ್ ಇನ್ನೆಷ್ಟು ಸೇರಿಸಬೇಕು?

ತೋಟದಮನೆ:
ವರ್ಡ್‌ಪ್ರೆಸ್‌ನಲ್ಲಿ ಕೃಷಿ ಬ್ಲಾಗ್ ಇದೆ. ಅದರಲ್ಲಿ "ಅಡಿಕೆ ಕೊಳೆರೋಗ ಪರಿಹಾರ ಮತ್ತು ಬೋರ್ಡೋ ದ್ರಾವಣ" ಅನ್ನೋ ಲೇಖನ, ಸುಮಾರು 800 ಪದ. ಫೋಕಸ್ ಕೀವರ್ಡ್ (ಜನ ಹುಡುಕುತ್ತಾರೆಂದು ನಾನು ಆರಿಸಿದ ಪದಗುಚ್ಛ) "ಅಡಿಕೆ ಕೊಳೆರೋಗ ಪರಿಹಾರ". ಕೀವರ್ಡ್ ಸಾಲದು ಅಂತ ಎಸ್‌ಇಒ (ಹುಡುಕಾಟದಲ್ಲಿ ಪುಟ ಮೇಲೆ ಬರುವಂತೆ ಮಾಡುವ) ಪ್ಲಗಿನ್ ಕೆಂಪು ತೋರಿಸುತ್ತಿತ್ತು. ಆಗಸ್ಟ್ ಕೊನೆಗೆ ಅದನ್ನು 22 ಕಡೆ ಹಾಕಿದ ಮೇಲೆ ಹಸಿರಾಯಿತು. ಈಗ ಅಕ್ಟೋಬರ್‌ನಲ್ಲಿ ನೋಡಿದರೆ ಇಂಪ್ರೆಷನ್ (ಹುಡುಕಾಟದಲ್ಲಿ ಪುಟ ಎಷ್ಟು ಸಲ ಕಾಣಿಸಿತು ಅನ್ನೋ ಲೆಕ್ಕ) ಅರ್ಧಕ್ಕಿಂತ ಕಡಿಮೆ. ಪುಟದ ಕೋಡ್‌ನಲ್ಲಿ ಓದುಗರಿಗೆ ಕಾಣದಂತೆ ಇರೋ ಮೆಟಾ ಕೀವರ್ಡ್ಸ್ ಟ್ಯಾಗ್‌ನಲ್ಲೂ ಒಂದಷ್ಟು ಪದ ಕೊಟ್ಟಿದ್ದೇನೆ. ಇನ್ನೇನು ಸೇರಿಸಲಿ?

ಕರಡುತಿದ್ದು:
ಸೇರಿಸೋದು ಬೇಡ ಸರ್, ತೆಗೆಯೋದಿದೆ.

ಮೆಟಾ ಕೀವರ್ಡ್ಸ್ ಟ್ಯಾಗನ್ನು ಶ್ರೇಯಾಂಕಕ್ಕೆ ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಅದನ್ನು ಖಾಲಿ ಬಿಡಿ.

ಕೆಂಪು ದೀಪ ಬರಲು ಕಾರಣ ನಿಮ್ಮ ಬರಹವಲ್ಲ, ಪ್ಲಗಿನ್ ಲೆಕ್ಕ ಹಾಕುವ ರೀತಿ. ಇಂಗ್ಲಿಷ್‌ನಲ್ಲಿ ಏಕವಚನ, ಬಹುವಚನ ಎರಡನ್ನೂ ಒಂದೇ ಪದವೆಂದು ಎಣಿಸುವ ಪ್ಲಗಿನ್‌ಗಳೂ ಕನ್ನಡದ ವಿಭಕ್ತಿಯ ಮುಂದೆ ಕೈಚೆಲ್ಲುತ್ತವೆ. ನೀವು "ಕೊಳೆರೋಗಕ್ಕೆ", "ಕೊಳೆರೋಗದಿಂದ", "ಕೊಳೆರೋಗವನ್ನು" ಎಂದು ಬರೆದದ್ದೆಲ್ಲ ಅದರ ಲೆಕ್ಕದಲ್ಲಿ ಸೊನ್ನೆ. ಆ ದೀಪವನ್ನು ಹಸಿರು ಮಾಡಹೊರಟರೆ ವಾಕ್ಯ ಹೀಗಾಗುತ್ತದೆ:

"ಅಡಿಕೆ ಕೊಳೆರೋಗ ಪರಿಹಾರ ಹುಡುಕುವ ರೈತರಿಗೆ ಈ ಅಡಿಕೆ ಕೊಳೆರೋಗ ಪರಿಹಾರ ಲೇಖನ ಉಪಯುಕ್ತ."

ಹೀಗೆ ತುರುಕುವುದು ಗೂಗಲ್‌ನ ಸ್ಪ್ಯಾಮ್ ನೀತಿಯಲ್ಲಿ ಹೆಸರಿಸಿಯೇ ಇರುವ ದೋಷ. ಕೀವರ್ಡ್ ಇಷ್ಟೇ ಶೇಕಡಾ ಇರಬೇಕೆಂಬ ನಿಯಮ ಅಲ್ಲಿಲ್ಲ. ಶೇಕಡಾ ಪ್ಲಗಿನ್‌ನವರು ಇಟ್ಟುಕೊಂಡ ಅಳತೆ. ಪೂರ್ತಿ ಪದಗುಚ್ಛ ಟೈಟಲ್‌ನಲ್ಲಿ ಒಮ್ಮೆ, ಮೊದಲ ಪ್ಯಾರಾದಲ್ಲಿ ಒಮ್ಮೆ, ಹೊಂದಿದರೆ ಒಂದು ಉಪಶೀರ್ಷಿಕೆಯಲ್ಲಿ ಇದ್ದರೆ ಸಾಕು. ಉಳಿದೆಡೆ ಮಾತಿನಲ್ಲಿ ಸಹಜವಾಗಿ ಬರುವ ಹಾಗೆ ವಿಭಕ್ತಿ ಹಚ್ಚಿ ಬರೆಯಿರಿ. ಮೇಲಿನ ಸಾಲಿನ ಬದಲಿಗೆ:

"ಕೊಳೆರೋಗಕ್ಕೆ ಶೇ 1ರ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ ಸಿಂಪಡಿಸಬೇಕು, 40–45 ದಿನ ಬಿಟ್ಟು ಇನ್ನೊಮ್ಮೆ."

ಇದರಲ್ಲಿ ಪ್ಲಗಿನ್ ಎಣಿಸುವಂಥದ್ದು ಏನೂ ಇಲ್ಲ. ಆದರೆ ಓದುವವನಿಗೆ ಬೇಕಾದ್ದು ಇದೆ.

ಅಂಕಿಅಂಶ:
ಒಂದು ನಿಮಿಷ. ಇಳಿದದ್ದೆಲ್ಲ ಕೀವರ್ಡ್‌ನಿಂದ ಅಂತ ಈಗಲೇ ತೀರ್ಮಾನಿಸಬೇಡಿ. ಕೊಳೆರೋಗ ಮಳೆಗಾಲದ ರೋಗ, ಅಕ್ಟೋಬರ್ ಹೊತ್ತಿಗೆ ಹುಡುಕುವವರೇ ಕಡಿಮೆ. ಆಗಸ್ಟ್ ಜೊತೆ ಅಕ್ಟೋಬರ್ ಹೋಲಿಸಿದರೆ ಯಾವ ಪುಟವಾದರೂ ಬಿದ್ದಂತೆಯೇ ಕಾಣುತ್ತದೆ.

ಸರ್ಚ್ ಕನ್ಸೋಲ್‌ನ (ಪುಟ ಹುಡುಕಾಟದಲ್ಲಿ ಹೇಗಿದೆ ಎಂದು ತೋರಿಸುವ ಗೂಗಲ್ ಸಾಧನ) ಪರ್ಫಾರ್ಮೆನ್ಸ್ ವರದಿ ತೆಗೆದು ಆ ಪುಟದ ಯುಆರ್‌ಎಲ್ (ಲಿಂಕ್) ಫಿಲ್ಟರ್ ಹಾಕಿ. ದಿನಾಂಕದಲ್ಲಿ ಕಂಪೇರ್ ಆರಿಸಿ, ಈ ಸೆಪ್ಟೆಂಬರ್–ಅಕ್ಟೋಬರ್ ಅನ್ನು ಹೋದ ವರ್ಷದ ಅದೇ ತಿಂಗಳುಗಳ ಜೊತೆ ಇಡಿ. 16 ತಿಂಗಳ ಡೇಟಾ ಸಿಗುತ್ತದೆ, ಇದಕ್ಕೆ ಸಾಕು. ಇಂಪ್ರೆಷನ್ ಬಿಟ್ಟು ಆವರೇಜ್ ಪೊಸಿಷನ್ (ಫಲಿತಾಂಶಗಳಲ್ಲಿ ಪುಟದ ಸರಾಸರಿ ಸ್ಥಾನ) ನೋಡಿ, ಆಮೇಲೆ ಕ್ವೆರೀಸ್ (ಜನ ಟೈಪ್ ಮಾಡಿ ಹುಡುಕಿದ ಪದಗಳು) ಪಟ್ಟಿ ಇಲ್ಲಿ ಹಾಕಿ.

ತೋಟದಮನೆ:
ನೋಡಿದೆ. ಇಂಪ್ರೆಷನ್ ಹೋದ ವರ್ಷದ ಆಸುಪಾಸೇ ಇದೆ, ಪೊಸಿಷನ್ ಮಾತ್ರ 8ರಿಂದ 14ಕ್ಕೆ ಹೋಗಿದೆ. ಮೇಲಿರುವ ಕ್ವೆರಿಗಳು: "ಅಡಿಕೆ ಕೊಳೆ ರೋಗ ಔಷಧಿ", "ಬೋರ್ಡೋ ದ್ರಾವಣ ತಯಾರಿಸುವ ವಿಧಾನ", "ಮಹಾಳಿ ರೋಗ" (ಕೊಳೆರೋಗದ ಇನ್ನೊಂದು ಹೆಸರು). ಇವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದವರೂ ಬಹಳ ಮಂದಿ. "ಪರಿಹಾರ" ಅಂತ ಹುಡುಕಿದವರು ಬೆರಳೆಣಿಕೆ. ಇನ್ನೊಂದು, ಪುಟದ ಲಿಂಕ್ ಕೊನೆಯಲ್ಲಿ "ಪರಿಹಾರ-ಮತ್" ಅಂತ ಕತ್ತರಿಸಿದ ಹಾಗಿದೆ. ಯಾಕೆ?

ಅಂಕಿಅಂಶ:
ಅಂದರೆ ಇಂಪ್ರೆಷನ್ ಅರ್ಧವಾದದ್ದು ಮಳೆ ನಿಂತಿದ್ದರಿಂದ, ಪೊಸಿಷನ್ ಜಾರಿದ್ದಕ್ಕೆ ತುರುಕಿದ್ದರ ಮೇಲೆ ಅನುಮಾನ. "ಪರಿಹಾರ" ನೀವು ಆರಿಸಿದ ಪದ. ರೈತರು ಕೇಳುತ್ತಿರುವುದು ಔಷಧಿ ಮತ್ತು ತಯಾರಿಸುವ ವಿಧಾನ. ಪರಿಹಾರ ಅಂದರೆ ಸರ್ಕಾರ ಕೊಡುವ ಬೆಳೆ ನಷ್ಟದ ದುಡ್ಡು ಅಂತಲೂ ಆಗುತ್ತದಲ್ಲ, ಆ ಸುದ್ದಿಗಳ ಜೊತೆಯೂ ನಿಮ್ಮ ಪುಟ ಗುದ್ದಾಡಬೇಕು. ಟೈಟಲ್‌ನಲ್ಲಿ "ಔಷಧಿ" ಬರಲಿ. "ಕೊಳೆ ರೋಗ" ಬಿಡಿಸಿ ಬರೆದದ್ದು, "ಮಹಾಳಿ" ಒಂದೊಂದು ಸಲ ಸಹಜವಾಗಿ ಬಂದರೆ ಸಾಕು. ಇಂಗ್ಲಿಷ್ ಅಕ್ಷರದ ರೂಪಗಳನ್ನು ಪುಟದ ಕೆಳಗೆ ಸಾಲಾಗಿ ಪೇರಿಸಬೇಡಿ, ಅದೂ ತುರುಕಿದಂತೆಯೇ.

ತೋಟದಮನೆ:
ತಯಾರಿಸುವ ವಿಧಾನ ಲೇಖನದಲ್ಲಿ ಇದೆಯಲ್ಲ, ಒಂದು ಚಿತ್ರದಲ್ಲಿ.

ಕರಡುತಿದ್ದು:
ಅದೇ ತೊಂದರೆ. ಚಿತ್ರದೊಳಗಿನ ಬರಹವನ್ನು ಗೂಗಲ್ ಓದುತ್ತದೆಂದು ನೆಚ್ಚಿಕೊಳ್ಳಬೇಡಿ, ಪಠ್ಯವಾಗಿ ಟೈಪ್ ಮಾಡಿ. ಹಳೆಯ ನುಡಿ ಅಥವಾ ಬರಹ ತಂತ್ರಾಂಶದ ಕಡತದಿಂದ ನಕಲು ಮಾಡುವುದಾದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಇಲ್ಲದಿದ್ದರೆ ಪುಟದಲ್ಲಿ ಕೂರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು.

"ಬೋರ್ಡೋ ದ್ರಾವಣ ತಯಾರಿಸುವ ವಿಧಾನ" ಎಂಬ ಉಪಶೀರ್ಷಿಕೆ ಕೊಟ್ಟು ಹಂತ ಹಂತವಾಗಿ ಬರೆಯಿರಿ: 1 ಕೆ.ಜಿ. ಮೈಲುತುತ್ತು 50 ಲೀಟರ್ ನೀರಲ್ಲಿ, 1 ಕೆ.ಜಿ. ಸುಣ್ಣ ಬೇರೆ 50 ಲೀಟರ್‌ನಲ್ಲಿ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಕದಡುತ್ತಾ ಸುರಿಯಬೇಕು. ಉಜ್ಜಿದ ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಲೇಪ ಕೂತರೆ ಇನ್ನಷ್ಟು ಸುಣ್ಣದ ನೀರು. ಇಷ್ಟು ಬರೆದರೆ ಮೈಲುತುತ್ತು, ಸುಣ್ಣ, ಲೀಟರ್ ಎಲ್ಲ ತಾವಾಗಿಯೇ ಬಂದಿರುತ್ತವೆ, ಕೀವರ್ಡ್ ಎಂದು ಹುಡುಕಿ ಹಾಕುವ ಕೆಲಸವಿಲ್ಲ.

ಸರ್ವರ್‌ಮೂಲೆ:
"ಮತ್" ವಿಷಯ. ವರ್ಡ್‌ಪ್ರೆಸ್‌ನಲ್ಲಿ ಸ್ಲಗ್‌ಗೆ (ಲಿಂಕ್‌ನಲ್ಲಿ ಪುಟದ ಹೆಸರಿನ ಭಾಗ) 200 ಅಕ್ಷರದ ಮಿತಿ. ಕನ್ನಡದ ಪ್ರತಿ ಯೂನಿಕೋಡ್ ಸಂಕೇತ ಯುಆರ್‌ಎಲ್‌ನಲ್ಲಿ %E0%B2%85 ಮಾದರಿಯ 9 ಅಕ್ಷರವಾಗುತ್ತದೆ. ಸ್ವರಚಿಹ್ನೆಗೂ, ಅರ್ಧಾಕ್ಷರ ಮಾಡುವ ಚಿಹ್ನೆಗೂ (್) ಪ್ರತ್ಯೇಕ 9. "ಅಡಿಕೆ ಕೊಳೆರೋಗ ಪರಿಹಾರ"ದಲ್ಲಿ 18 ಸಂಕೇತ, ಅಲ್ಲಿಗೇ 162. ಮೂರು ಹೈಫನ್ ಸೇರಿಸಿ 165, "ಮತ್" ಬಂದಾಗ 192. ಇನ್ನೊಂದು ಸಂಕೇತಕ್ಕೆ ಜಾಗವಿಲ್ಲ.

ಶ್ರೇಯಾಂಕಕ್ಕೆ ಇದರಿಂದ ದೊಡ್ಡ ನಷ್ಟವಿಲ್ಲ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಶೇಕಡಾ ಚಿಹ್ನೆಗಳ ಉದ್ದನೆಯ ಬಾಲ ಕಾಣಬಹುದು. ಹೊಸ ಲೇಖನಗಳಿಗೆ ಇಂಗ್ಲಿಷ್ ಅಕ್ಷರದಲ್ಲಿ ಎರಡು-ಮೂರು ಪದದ ಸ್ಲಗ್ ಕೊಡಿ. ಈ ಪುಟದ್ದನ್ನು ಬದಲಿಸಲೇಬೇಕೆಂದಿದ್ದರೆ ಹಳೆಯದರಿಂದ ಹೊಸದಕ್ಕೆ 301 ರೀಡೈರೆಕ್ಟ್ (ಹಳೆಯ ಲಿಂಕ್ ಒತ್ತಿದವರನ್ನು ತಾನಾಗಿಯೇ ಹೊಸದಕ್ಕೆ ಒಯ್ಯುವ ವ್ಯವಸ್ಥೆ) ಇದೆಯೇ ನೋಡಿ, ಬ್ಲಾಗ್‌ನ ಒಳಲಿಂಕ್‌ಗಳನ್ನೂ ತಿದ್ದಿ. ಪಠ್ಯ ತಿದ್ದುವ ವಾರವೇ ಇದನ್ನೂ ಮಾಡಬೇಡಿ, ಪೊಸಿಷನ್ ಯಾವುದರಿಂದ ಬದಲಾಯಿತು ಅಂತ ತಿಳಿಯುವುದಿಲ್ಲ. ಮೊದಲು ಪಠ್ಯ. ಅದರ ಫಲ ನೋಡಲು ಮುಂದಿನ ಮೇ–ಜೂನ್‌ವರೆಗೆ ಕಾಯಬೇಕು, ಅಲ್ಲಿಯವರೆಗೆ ಹುಡುಕುವವರೇ ಕಡಿಮೆ.