ಕಲ್ಲುರಸ್ತೆಯೋ, ಕಲ್ಲುಹಾಸೋ? ಫ್ಲಾಂಡರ್ಸ್ ಸೈಕಲ್ ರೇಸಿನ ಕೆಲವು ಪದಗಳು

ಗೆಳೆಯರೇ, ನಮಸ್ಕಾರ.

ಒಂದು ಪದಕ್ಕಾಗಿ ಹದಿನೈದು ದಿನದಿಂದ ಪರದಾಡುತ್ತಿದ್ದೇನೆ. ವಿಜಯಪುರದಲ್ಲಿ ಸೈಕಲ್ ಅಭ್ಯಾಸ ಮಾಡುವ ಹುಡುಗ ಹುಡುಗಿಯರಿಗಾಗಿ ಯುರೋಪಿನ ದೊಡ್ಡ ರೇಸುಗಳ ಬಗ್ಗೆ ನಾಲ್ಕು ಪುಟದ ಪುಟ್ಟ ಬರಹಗಳನ್ನು ಮಾಡಿಕೊಡುತ್ತಿದ್ದೇನೆ. ಮೊದಲನೆಯದು ಬೆಲ್ಜಿಯಂನ 'ರೊಂಡೆ ವಾನ್ ವ್ಲಾಂಡರೆನ್', ಅಂದರೆ ಫ್ಲಾಂಡರ್ಸ್ ಸುತ್ತು (ಫ್ಲಾಂಡರ್ಸ್ ಎಂದರೆ ಆ ದೇಶದ ಉತ್ತರದ, ಡಚ್ ಮಾತಾಡುವ ಸೀಮೆ). ಏಪ್ರಿಲ್ ಹೊತ್ತಿಗೆ ಬರುವ ಒಂದು ಭಾನುವಾರ, ಒಂದೇ ದಿನದಲ್ಲಿ ಇನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು. ('ಏಕದಿನ' ಎಂದು ಬರೆದಿದ್ದೆ, ಹೊಡೆದುಹಾಕಿದೆ. ಆ ಪದವನ್ನು ಕ್ರಿಕೆಟ್ಟಿನವರು ಎಂದೋ ಬರೆಸಿಕೊಂಡುಬಿಟ್ಟಿದ್ದಾರೆ.)

ಕರಡನ್ನು ಹುಡುಗರ ಮುಂದೆ ಓದಿದೆ. 'ಕಡಿದಾದ ಗುಡ್ಡಗಳ ಕಲ್ಲಿನ ರಸ್ತೆಗಳ ಮೇಲೆ' ಅನ್ನುವ ಸಾಲಿಗೆ ಬರುತ್ತಲೇ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. "ಸರ್, ನೂರು ವರ್ಷದಿಂದ ಅಷ್ಟು ದೊಡ್ಡ ರೇಸ್ ನಡೀತೈತಿ ಅಂತೀರಿ, ರಸ್ತೆ ಯಾಕ ರಿಪೇರಿ ಮಾಡ್ಸಿಲ್ರಿ?"

ಎಲ್ಲರೂ ನಕ್ಕರು. ತಪ್ಪು ಅವನದಲ್ಲ, ನನ್ನ ಪದದ್ದು. ನಮ್ಮಲ್ಲಿ ಕಲ್ಲಿನ ರಸ್ತೆ ಎಂದರೆ ಡಾಂಬರು ಕಿತ್ತು ಖಡಿ ಎದ್ದ ರಸ್ತೆ (ದಕ್ಷಿಣದವರು ಜಲ್ಲಿ ಅನ್ನುತ್ತೀರಿ). ಕಂತ್ರಾಟುದಾರನನ್ನು ಬೈಯುತ್ತ ದಾಟುವ ರಸ್ತೆ ಅದು. ಫ್ಲಾಂಡರ್ಸಿನದು ಇದಕ್ಕೆ ಪೂರಾ ಉಲ್ಟಾ. ಗಟ್ಟಿ ಕಲ್ಲನ್ನು ಇಟ್ಟಿಗೆಗಿಂತ ದಪ್ಪನಾದ ತುಂಡುಗಳಾಗಿ ಕಡಿದು, ಒಂದರ ಪಕ್ಕ ಒಂದು ನಿಲ್ಲಿಸಿ, ಸಂದಿಗೆ ಮರಳು ತುಂಬಿ ಹಾಸಿದ್ದು. ಡಾಂಬರು ಬರುವ ಮೊದಲು ಆ ಸೀಮೆಯ ರಸ್ತೆಗಳು ಇದ್ದದ್ದೇ ಹೀಗೆ. ಎರಡನೇ ಮಹಾಯುದ್ಧದ ನಂತರ ಒಂದೊಂದಾಗಿ ಡಾಂಬರು ಕಾಣತೊಡಗಿದಾಗ ರೇಸಿನವರು ಡಾಂಬರು ಮುಟ್ಟದ ಓಣಿಗಳನ್ನು ಹುಡುಕಿಕೊಂಡು ಹೋದರು. ಹುಡುಗನ ಪ್ರಶ್ನೆಗೆ ನಿಜವಾದ ಉತ್ತರ ಇದೇ: ರಿಪೇರಿ ಆಗದ ರಸ್ತೆ ಬೇಕೆಂದೇ ಹಾಗೆ ಉಳಿಸಿದ್ದಾರೆ. ಪಾಟರ್‌ಬರ್ಗ್ ಎಂಬ ಏರಿನ ಕಥೆ ಇನ್ನೂ ಚೆಂದ. ರೇಸು ತನ್ನ ಹೊಲದ ಪಕ್ಕದಿಂದಲೇ ಹೋಗಲಿ ಎಂಬ ಆಸೆಗೆ ಅಲ್ಲಿನ ರೈತನೊಬ್ಬ ಮಣ್ಣಿನ ದಾರಿಗೆ ತಾನೇ ಕಲ್ಲು ಹಾಸಿದನಂತೆ. 1986ರಲ್ಲಿ ರೇಸು ಆ ದಾರಿ ಹಿಡಿಯಿತು, ಇಂದಿಗೂ ಹಿಡಿಯುತ್ತದೆ.

ಹಾಗಾದರೆ ಈ ಕಲ್ಲಿಗೆ, ಈ ರಸ್ತೆಗೆ ಕನ್ನಡದಲ್ಲಿ ಏನನ್ನೋಣ? ನಿಘಂಟು ತೆರೆದರೆ ಇಂಗ್ಲಿಷಿನ ಕಾಬಲ್ ಎಂಬುದಕ್ಕೆ ಉರುಟುಕಲ್ಲು, ಗುಂಡುಕಲ್ಲು ಎಂದು ಕೊಡುತ್ತಾರೆ. ಅದೂ ಸರಿಯೇ, ಮೂಲದಲ್ಲಿ ಆ ಪದಕ್ಕೆ ಹೊಳೆಯಲ್ಲಿ ಉರುಳಿ ನುಣುಪಾದ ಕಲ್ಲು ಎಂದೇ ಅರ್ಥ. ಆದರೆ ಫ್ಲಾಂಡರ್ಸಿನದು ಉಳಿ ಸುತ್ತಿಗೆ ಕಂಡ ಕಲ್ಲು. ಇಂಗ್ಲಿಷಿನಲ್ಲಿ ಕಡಿದ ಕಲ್ಲಿಗೆ 'ಸೆಟ್' ಎಂಬ ಬೇರೆ ಪದವೇ ಇದೆ, ರೇಸಿನ ವೀಕ್ಷಕ ವಿವರಣೆಗಾರರು ಅದರ ತಂಟೆಗೆ ಹೋಗುವುದಿಲ್ಲ. ಇಂಗ್ಲಿಷಿನವರ ಈ ಸೋಮಾರಿತನವನ್ನು ನಾವೂ ಅನುವಾದ ಮಾಡಿಕೊಳ್ಳಬೇಕೇ?

'ಚಪ್ಪಡಿ' ಅಗಲವಾಯಿತು, ದೇವಸ್ಥಾನದ ಪ್ರಾಕಾರ ನೆನಪಾಗುತ್ತದೆ. ನಮ್ಮ ಕಡೆಯ 'ಫರಸಿ' ಎಂದರೆ ಶಹಾಬಾದಿ ಕಲ್ಲು, ಮನೆಯೊಳಗಿನ ನೆಲ. ಬರಿಗಾಲಿಗೆ ತಣ್ಣಗಿರುವ ಅದರ ಮೇಲೆ ಸೈಕಲ್ ಗಡಗಡ ಅನ್ನುವುದಿಲ್ಲ. ಮನೆ ಕಟ್ಟಿಸಿದವರಿಗೆ 'ಸೈಜುಗಲ್ಲು' ಗೊತ್ತು. ಆಕಾರಕ್ಕೆ ಇದೇ ಹತ್ತಿರ, ಆದರೆ ಅದು ಪಾಯದ, ಗೋಡೆಯ ಕಲ್ಲು, ಗಾತ್ರವೂ ದೊಡ್ಡದು. 2018ರಲ್ಲಿ ಬೆಂಗಳೂರಿನ ಚರ್ಚ್ ಸ್ಟ್ರೀಟಿಗೆ ಇಂಥದೇ ಕಲ್ಲು ಹಾಸಿದರು. ಅಲ್ಲಿ ಅಡ್ಡಾಡುವವರು 'ಕಾಬಲ್ ಸ್ಟೋನ್' ಅಂದುಕೊಂಡೇ ಓಡಾಡುತ್ತಾರೆ. ಸದ್ಯಕ್ಕೆ ನನ್ನ ಒಲವು 'ಹಾಸು' ಎಂಬ ಕ್ರಿಯೆಯ ಕಡೆಗೆ: ಒಂಟಿ ಕಲ್ಲಿಗೆ ಹಾಸುಗಲ್ಲು, ರಸ್ತೆಯ ಆ ಭಾಗಕ್ಕೆ ಕಲ್ಲುಹಾಸು. 'ಕೊನೆಯ ಕಲ್ಲುಹಾಸಿನಲ್ಲಿ ಅವನು ಹಿಂದೆ ಬಿದ್ದ' ಎಂದರೆ ಕಿವಿಗೆ ಒಗ್ಗುತ್ತದೆ, ಯಾರೋ ಬೇಕೆಂದೇ ಹಾಸಿದ್ದು ಎಂಬ ಅರ್ಥವೂ ಉಳಿಯುತ್ತದೆ. ಆದರೆ ಹಳೆಯ ಬಳಕೆಯಲ್ಲಿ ಹಾಸುಗಲ್ಲು ಎಂದರೆ ಮಟ್ಟಸವಾದ ಚಪ್ಪಡಿಯೇ ಅಲ್ಲವೇ ಎಂದು ತಿಳಿದವರು ತಕರಾರು ತೆಗೆದರೆ ನನ್ನಲ್ಲಿ ಉತ್ತರವಿಲ್ಲ.

ಫ್ಲೆಮಿಶ್ ಜನ, ಅಂದರೆ ಫ್ಲಾಂಡರ್ಸಿನವರು, ಆ ಕಲ್ಲಿಗೆ 'ಕಸೈ' ಎನ್ನುತ್ತಾರೆ. ಪದವನ್ನು ಹಾಗೆಯೇ ತಂದುಬಿಡೋಣವೇ ಎಂದೂ ಯೋಚಿಸಿದೆ, ಆದರೆ 'ಕಸಾಯಿ' ಇರುವ ಊರಿನಲ್ಲಿ ಅದನ್ನು ಹೇಳಿ ಹುಡುಗರನ್ನು ಮತ್ತೊಮ್ಮೆ ನಗಿಸುವ ಧೈರ್ಯ ಬರಲಿಲ್ಲ. ಹುಡುಕಿದಾಗ ಸಿಕ್ಕ ಸಂಗತಿ ಮಾತ್ರ ನಮ್ಮಂಥವರು ಕೇಳಬೇಕಾದದ್ದು. ಈ ಕಸೈ ಎಂಬುದು ಅವರ ಮನೆಯ ಪದವೇ ಅಲ್ಲ, ಫ್ರೆಂಚಿನ 'ಶೊಸೇ' ಅಂದರೆ ಕಟ್ಟಿದ ದಾರಿ ಎಂಬ ಪದದ ಉತ್ತರದ ರೂಪದಿಂದ ಬಂದದ್ದು. ಇಂಗ್ಲಿಷಿನ 'ಕಾಸ್‌ವೇ' ಅದೇ ಬಳ್ಳಿಯ ಇನ್ನೊಂದು ಕಾಯಿ. ಇನ್ನು ಈ ರೇಸನ್ನು 1913ರಲ್ಲಿ ಶುರು ಮಾಡಿದ್ದು ಯಾರು? 'ಸ್ಪೋರ್ಟ್‌ವೆರೆಲ್ಡ್' ಎಂಬ ಪತ್ರಿಕೆ, ಅದರ ಸಂಪಾದಕ ಕಾರೆಲ್ ವಾನ್ ವೈನೆಂಡಾಲೆ. ಆಡಳಿತದಲ್ಲೂ ದೊಡ್ಡವರ ಮನೆಗಳಲ್ಲೂ ಫ್ರೆಂಚ್ ಮೆರೆಯುತ್ತಿದ್ದ ಕಾಲದಲ್ಲಿ ಜನರ ನುಡಿಯಲ್ಲಿ ಆಟದ ಸುದ್ದಿ ಬರೆದ ಪತ್ರಿಕೆ ಅದು. ತಮ್ಮ ನುಡಿ, ತಮ್ಮ ನೆಲ ಎಂಬ ಹೆಮ್ಮೆಗೇ ಹುಟ್ಟಿದ ರೇಸಿನ ಹೆಗ್ಗುರುತೊಂದು ಎರವಲು ಪದ! ಅಲ್ಲಿ ಯಾರಿಗೂ ಅದು ಎರವಲು ಅನ್ನಿಸುವುದಿಲ್ಲ, ನಮಗೆ 'ಸೈಕಲ್ಲು' ಅನ್ನಿಸದ ಹಾಗೆ. ಹಾಗೆಂದು 'ಕಾಬಲ್ಲು' ಎಂದು ಬರೆದು ಕೈತೊಳೆದುಕೊಳ್ಳಲು ಮನಸ್ಸು ಬಾರದು. ಸೈಕಲ್ಲು ನಮ್ಮ ಓಣಿಗೆ ಬಂದು ನಮ್ಮದಾಯಿತು, ಕಾಬಲ್ಲು ಚರ್ಚ್ ಸ್ಟ್ರೀಟಿನಲ್ಲೇ ನಿಂತಿದೆ.

ಡಚ್ಚಿನಲ್ಲಿ ಇವಕ್ಕೆ ಇನ್ನೊಂದು ಆಡುಮಾತೂ ಇದೆ, 'ಕಿಂಡರ್‌ಕೊಪ್ಯೆ', ಅಂದರೆ ಮಗುವಿನ ತಲೆ. ಮೇಲ್ಮೈ ಉಬ್ಬಿದ ಕಲ್ಲಿಗೆ ಈ ಹೆಸರು. ನಮ್ಮ ಕಲ್ಲು ಕೆಲಸದವರ ಬಾಯಲ್ಲಿ ಇಂಥ ಪದ ಇದ್ದೇ ಇರಬೇಕು. ಕೇಳಿಬಲ್ಲವರು ದಯವಿಟ್ಟು ತಿಳಿಸಿ.

ಎರಡನೇ ತೊಡಕು ಗುಡ್ಡದ್ದು. ಫ್ಲಾಂಡರ್ಸಿನವರು ಬಾಯ್ತುಂಬ 'ಬರ್ಗ್', ಬೆಟ್ಟ ಎನ್ನುತ್ತಾರೆ. ನೋಡಿದರೆ ಸಮುದ್ರಮಟ್ಟದಿಂದ ನೂರು ಮೀಟರಿನ ಆಸುಪಾಸು. ನಮ್ಮ ವಿಜಯಪುರದ ಬಯಲೇ ಅದಕ್ಕಿಂತ ಎಷ್ಟೋ ಎತ್ತರದಲ್ಲಿದೆ. ಕೊಪ್ಪೆನ್‌ಬರ್ಗ್ (ಹೆಸರು ಕೇಳಿದರೆ ನಮ್ಮ ಕೊಪ್ಪಳದ ನೆರೆಯದೆನಿಸುತ್ತದೆ) 600 ಮೀಟರ್ ಉದ್ದ, ಅಷ್ಟೇ. ಆದರೆ ಒಂದು ಕಡೆ 22 ಪ್ರತಿಶತ ಕಡಿದು, ಅಂದರೆ ನೂರು ಅಡಿ ಮುಂದೆ ಹೋದರೆ ಇಪ್ಪತ್ತೆರಡು ಅಡಿ ಮೇಲೆ. ಪಾಟರ್‌ಬರ್ಗ್ ಇನ್ನೂ ಗಿಡ್ಡ, 360 ಮೀಟರ್. ಇವನ್ನು ಬೆಟ್ಟ ಎಂದರೆ ನಂದಿ ಬೆಟ್ಟ ಹತ್ತಿದವರು ನಗುತ್ತಾರೆ. ಘಾಟಿ ಎಂದರೆ ತಾಸುಗಟ್ಟಲೆ ತಿರುವು. 'ಏರಿ' ಎನ್ನೋಣವೆಂದರೆ ಹಳೇ ಮೈಸೂರಿನವರಿಗೆ ಕೆರೆಯ ಏರಿ ಕಾಣುತ್ತದೆ. ನಮ್ಮ ಹುಡುಗರು ಅಭ್ಯಾಸದಲ್ಲಿ ಅನ್ನುವುದು 'ಏರು' ಮತ್ತು 'ಚಡಾವು'. ಕರಾವಳಿಯವರೂ 'ಚಡವು' ಅನ್ನುತ್ತೀರಲ್ಲವೇ? ಹೌದಾದರೆ ಎರಡು ತುದಿಗೂ ಗೊತ್ತಿರುವ ಪದ ಸಿಕ್ಕಂತಾಯಿತು.

ಏರಿನ ಜೊತೆಗೇ ನಮ್ಮ ನಾಲಿಗೆಯಲ್ಲಿ ಇನ್ನೊಂದು ಮಾತಿದೆ, 'ಇಳ್ದು ದೂಡು'. ಹಿಂದೆ ಜೋಳದ ಚೀಲ ಕಟ್ಟಿಕೊಂಡು ಸೈಕಲ್ ಹೊಡೆದವರೆಲ್ಲ ಹೇಳಿಕೊಂಡ ಮಾತು. 2024ರ ರೇಸಿನಲ್ಲಿ ಮಳೆಗೆ ಕೊಪ್ಪೆನ್‌ಬರ್ಗಿನ ಕಲ್ಲು ಕೆಸರಾಗಿ ಚಕ್ರ ಜಾರತೊಡಗಿದಾಗ, ಬೆರಳೆಣಿಕೆಯವರನ್ನು ಬಿಟ್ಟು ಜಗತ್ತಿನ ದೊಡ್ಡ ದೊಡ್ಡ ಸವಾರರೇ ಇಳಿದು ದೂಡಿದರು. ಇಳಿಯದೆ ಹತ್ತಿದ ಮಾಥ್ಯೂ ವಾನ್ ಡರ್ ಪೂಲ್ ಮುಂದೆ ಒಬ್ಬರೇ ಹೋಗಿ ಗೆದ್ದರು. ಈ ಭಾಗವನ್ನು ಓದಿದಾಗ ಮಾತ್ರ ಹುಡುಗರು ನನ್ನ ಒಂದು ಪದವನ್ನೂ ಪ್ರಶ್ನಿಸಲಿಲ್ಲ.

'ಪೆಲೊಟಾನ್', ಅಂದರೆ ರೇಸಿನಲ್ಲಿ ಒತ್ತೊತ್ತಾಗಿ ಸಾಗುವ ಸವಾರರ ದೊಡ್ಡ ಗುಂಪು, ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೈನ್ಯದ 'ಪ್ಲಟೂನ್' ಬಂದದ್ದೂ ಆ ಫ್ರೆಂಚ್ ಪದದಿಂದಲೇ, ಹಾಗಾಗಿ 'ದಂಡು' ಎಂದು ಬರೆದಿದ್ದೇನೆ. 'ಹಿಂಡು' ಎನ್ನಿ ಎಂದು ಗೆಳೆಯರೊಬ್ಬರ ಒತ್ತಾಯ. ಹಿಂಡಾದರೆ ಮುಂದೆ ಕಿತ್ತುಕೊಂಡು ಹೋದವರನ್ನು 'ಹಿಂಡಗಲಿದವರು' ಎನ್ನಬಹುದು ಎಂಬುದು ಅವರ ವಾದ. ಪದ ಚೆಂದವಿದೆ, ಆದರೆ ದಾರಿ ತಪ್ಪಿದ ಆಕಳಿನ ಹಾಗೆ ಕೇಳಿಸುತ್ತದೆ. ಬೇಕೆಂದೇ ಬಿಟ್ಟು ಓಡಿದವರಿಗೆ ಅದು ಹೊಂದೀತೇ?

ಕೊನೆಯದಾಗಿ ಒಂದು ಕ್ರಿಯಾಪದ. ಕಲ್ಲುಹಾಸಿನ ಮೇಲೆ ಗಡಗಡ ಕುಲುಕುತ್ತ ಸಾಗುವುದಕ್ಕೆ ಫ್ಲೆಮಿಶ್‌ನಲ್ಲಿ 'ಡೊಕ್ಕೆರೆನ್' ಎಂಬ ಒಂದೇ ಪದವಿದೆ. ಕೈ, ಹಲ್ಲು, ಹ್ಯಾಂಡಲ್ ಎಲ್ಲ ಒಟ್ಟಿಗೆ ನಡುಗುವ ಅನುಭವ. 'ಕುಲುಕು' ನನಗೆ ಮೆದುವೆನಿಸುತ್ತದೆ, ಅದು ಕೈಯನ್ನೂ ಕುಲುಕುತ್ತದೆ, ಸೊಂಟವನ್ನೂ ಕುಲುಕುತ್ತದೆ. ಎತ್ತಿನ ಗಾಡಿಯಲ್ಲಿ ಕೂತು ಬೆಳೆದವರಿಗೆ ಇದಕ್ಕೊಂದು ಖಾಸಾ ಪದ ಗೊತ್ತಿರಬೇಕು, ನಮ್ಮ ಮನೆಯಲ್ಲಿ ಕೇಳಲು ಈಗ ಹಿರಿಯರಿಲ್ಲ.

ಬರಹ ಇನ್ನೂ ಅಚ್ಚಿಗೆ ಹೋಗಿಲ್ಲ. 'ಕಲ್ಲುಹಾಸು', 'ಚಡಾವು', 'ದಂಡು' ಮೂರನ್ನೂ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೇನೆ. ಡೊಕ್ಕೆರೆನ್ ಬರಬೇಕಾದ ಕಡೆ ಜಾಗ ಖಾಲಿ ಬಿಟ್ಟಿದ್ದೇನೆ.