ಗಣಿತ ಶಿಕ್ಷಕರ ಪ್ರಶ್ನೋತ್ತರ: ಸಂಪನ್ಮೂಲಗಳ ರಾಶಿಯಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಐದರಿಂದ ಎಂಟನೆಯ ತರಗತಿಯವರೆಗೆ ಗಣಿತ ಬೋಧಿಸುತ್ತೇನೆ. ವರ್ಕ್‌ಶೀಟ್‌ಗಳು, ವೀಡಿಯೊಗಳು, ಪಾಠಯೋಜನೆಗಳು ನನ್ನ ಬಳಿ ಬೇಕಾದಷ್ಟಿವೆ. ಕರೆದ ತರಬೇತಿಗಳಿಗೆಲ್ಲ ಹೋಗಿ ಬಂದಿದ್ದೇನೆ. ಆದರೂ ದಶಮಾಂಶ ಸಂಖ್ಯೆಗಳ ಪಾಠ ಮುಗಿಸಿ ಪರೀಕ್ಷೆ ಕೊಟ್ಟಾಗ ಪ್ರತಿವರ್ಷವೂ ಅವೇ ತಪ್ಪುಗಳು ಕಾಣುತ್ತವೆ. ಇವುಗಳಲ್ಲಿ ಯಾವ ಸಂಪನ್ಮೂಲವನ್ನು ನೆಚ್ಚಿಕೊಳ್ಳಬೇಕೆಂದು ದಯವಿಟ್ಟು ತಿಳಿಸಿ.

ಉತ್ತರ: ನಮಸ್ಕಾರ. ನಿಮ್ಮಲ್ಲಿ ಸಂಪನ್ಮೂಲಕ್ಕೆ ಕೊರತೆ ಇಲ್ಲವಾದ್ದರಿಂದ ನಾನು ಮತ್ತೊಂದು ಪಟ್ಟಿಯನ್ನು ಕೊಡುವುದಿಲ್ಲ. ಸಂಪನ್ಮೂಲವನ್ನು ಹುಡುಕುವುದಕ್ಕೆ ಮೊದಲು, ಮಕ್ಕಳು ಆ ತಪ್ಪನ್ನು ಯಾವ ಯೋಚನೆಯಿಂದ ಮಾಡುತ್ತಿದ್ದಾರೆ ಎಂಬುದನ್ನು ಕಂಡುಕೊಳ್ಳಬೇಕು. ಅದು ಗೊತ್ತಾದ ಮೇಲೆ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಆಗುತ್ತದೆ.

ನೀವು ಹೇಳಿದ ದಶಮಾಂಶವನ್ನೇ ತೆಗೆದುಕೊಳ್ಳೋಣ. ಮಕ್ಕಳಿಗೆ ಎರಡು ಜೋಡಿಗಳನ್ನು ಕೊಟ್ಟು, ಪ್ರತಿ ಜೋಡಿಯಲ್ಲಿ ದೊಡ್ಡ ಸಂಖ್ಯೆಯನ್ನು ಗುರುತಿಸಲು ಹೇಳಿ. ಮೊದಲನೆಯ ಜೋಡಿ 0.4 ಮತ್ತು 0.35, ಎರಡನೆಯದು 0.62 ಮತ್ತು 0.736. ಕೆಲವು ಮಕ್ಕಳು ಮೊದಲನೆಯದರಲ್ಲಿ 0.35 ದೊಡ್ಡದು ಎಂದು ತಪ್ಪಾಗಿಯೂ ಎರಡನೆಯದರಲ್ಲಿ 0.736 ದೊಡ್ಡದು ಎಂದು ಸರಿಯಾಗಿಯೂ ಬರೆಯುತ್ತಾರೆ. ಅವರು ಬಿಂದುವಿನ ಬಲಗಡೆ ಇರುವುದನ್ನು ಪೂರ್ಣಸಂಖ್ಯೆಯಂತೆ ಓದುತ್ತಿದ್ದಾರೆ. 4ಕ್ಕಿಂತ 35 ದೊಡ್ಡದು, 62ಕ್ಕಿಂತ 736 ದೊಡ್ಡದು ಎಂಬುದು ಅವರ ಲೆಕ್ಕ. ಇನ್ನು ಕೆಲವರು ಮೊದಲನೆಯದನ್ನು ಸರಿಯಾಗಿ ಹೇಳಿ ಎರಡನೆಯದರಲ್ಲಿ 0.62 ದೊಡ್ಡದು ಎನ್ನುತ್ತಾರೆ. ಸಾವಿರದ ಭಾಗಗಳು ನೂರರ ಭಾಗಗಳಿಗಿಂತ ಚಿಕ್ಕವಾದ್ದರಿಂದ ಅಂಕಿಗಳು ಹೆಚ್ಚಾದಷ್ಟೂ ಸಂಖ್ಯೆ ಚಿಕ್ಕದಾಗಬೇಕು ಎಂದು ಅವರು ಭಾವಿಸಿರುತ್ತಾರೆ. ಎರಡೂ ಗುಂಪುಗಳಿಗೆ ಎರಡಕ್ಕೆ ಒಂದು ಅಂಕವೇ ಸಿಗುತ್ತದೆ, ಆದರೆ ಎರಡಕ್ಕೂ ಬೇಕಾದ ಪಾಠ ಬೇರೆ ಬೇರೆ. ಪರೀಕ್ಷೆಯಲ್ಲಿ ಎರಡನೆಯ ಬಗೆಯ ಜೋಡಿಗಳೇ ತುಂಬಿದ್ದರಂತೂ ಮೊದಲ ಗುಂಪಿನ ಮಕ್ಕಳು ಪೂರ್ಣ ಅಂಕ ಪಡೆದು ಮುಂದಿನ ತರಗತಿಗೆ ಹೋಗಿಬಿಡುತ್ತಾರೆ. ಇದು ನನಗೆ ನಿಜಕ್ಕೂ ಕಳವಳ ಉಂಟುಮಾಡುವ ಸಂಗತಿ. ಮೆಲ್ಬರ್ನ್ ವಿಶ್ವವಿದ್ಯಾಲಯದ ಕೇ ಸ್ಟೇಸಿ ಮತ್ತು ವಿಕಿ ಸ್ಟೈನ್ಲ್ ಅವರು ದಶಮಾಂಶಗಳ ಹೋಲಿಕೆಯನ್ನು ಕುರಿತು ದೀರ್ಘಕಾಲ ಸಂಶೋಧನೆ ನಡೆಸಿ, ಉತ್ತರಗಳು ಸರಿಯೋ ತಪ್ಪೋ ಎಂಬುದಕ್ಕಿಂತ ಅವು ಯಾವ ವಿನ್ಯಾಸದಲ್ಲಿ ಬರುತ್ತವೆ ಎಂಬುದರಿಂದ ಮಗುವಿನ ಯೋಚನೆಯನ್ನು ಗುರುತಿಸುವ ಇಂಥ ಪರೀಕ್ಷೆಯನ್ನು ರೂಪಿಸಿದ್ದಾರೆ.

ಈಗ ನಿಮ್ಮ ಸಂಗ್ರಹವನ್ನು ಮತ್ತೆ ತೆರೆದು ನೋಡಿ. ಎಲ್ಲ ಸಂಖ್ಯೆಗಳಲ್ಲಿಯೂ ಬಿಂದುವಿನ ನಂತರ ಎರಡೇ ಅಂಕಿಗಳಿರುವ ವರ್ಕ್‌ಶೀಟ್, ಎಷ್ಟೇ ಅಂದವಾಗಿದ್ದರೂ, ಈ ಎರಡು ತಪ್ಪು ಕಲ್ಪನೆಗಳನ್ನು ಮುಟ್ಟುವುದೇ ಇಲ್ಲ. ಅದನ್ನು ಬದಿಗಿಡಬಹುದು. 0.4 ಮತ್ತು 0.35 ಎರಡನ್ನೂ ಒಂದೇ ಸಂಖ್ಯಾರೇಖೆಯ ಮೇಲೆ ಗುರುತಿಸಿ, ಹಾಗೆ ಗುರುತಿಸಿದ್ದೇಕೆಂದು ಮಗುವಿನಿಂದಲೇ ಬರೆಸುವ ಒಂದು ಪುಟವಿದ್ದರೆ ಅದನ್ನು ಉಳಿಸಿಕೊಳ್ಳಿ. ಕಡಿಮೆ ಅಂಕಿಗಳಿರುವ ಸಂಖ್ಯೆಯ ಕೊನೆಗೆ ಸೊನ್ನೆ ಸೇರಿಸಿ ಉದ್ದವನ್ನು ಸಮ ಮಾಡಿಕೊಳ್ಳುವ ಉಪಾಯವನ್ನು ನಾವೆಲ್ಲ ಹೇಳಿಕೊಡುತ್ತೇವೆ. ಅದರಿಂದ ಉತ್ತರ ಸರಿಯಾಗಿ ಬರುತ್ತದೆ, ಆದರೆ 0.40 ಎಂದರೆ ನೂರರಲ್ಲಿ ನಲವತ್ತು ಭಾಗ, ಅದು ಹತ್ತರಲ್ಲಿ ನಾಲ್ಕು ಭಾಗಕ್ಕೆ ಸಮ ಎಂಬುದು ಜೊತೆಗೆ ಬಾರದಿದ್ದರೆ, ಸ್ಥಾನಬೆಲೆಯ ಅರಿವು ಮೊದಲಿದ್ದಲ್ಲೇ ಉಳಿಯುತ್ತದೆ.

ನಿಯಮಿತವಾಗಿ ನೋಡಲು ಒಂದು ಹೆಸರು ಬೇಕೇ ಬೇಕೆಂದಾದರೆ, ಕೇಂಬ್ರಿಡ್ಜ್ ವಿಶ್ವವಿದ್ಯಾಲಯವು 1996ರಲ್ಲಿ ಆರಂಭಿಸಿದ ಎನ್‌ರಿಚ್ ಎಂಬ ಗಣಿತ ಸಮಸ್ಯೆಗಳ ಜಾಲತಾಣ ಯೋಜನೆಯನ್ನು ಸೂಚಿಸುತ್ತೇನೆ. ಅದು ಉಚಿತ, ಅಲ್ಲಿನ ಅನೇಕ ಸಮಸ್ಯೆಗಳ ಜೊತೆ ಶಿಕ್ಷಕರಿಗಾಗಿ ಬರೆದ ಟಿಪ್ಪಣಿಗಳೂ ಇವೆ. ಆದರೆ ಒಂದು ಅಧ್ಯಾಯಕ್ಕೆ ಒಂದೇ ಸಮಸ್ಯೆ ಸಾಕು. ಅದನ್ನು ತರಗತಿಗೆ ಒಯ್ಯುವ ಮೊದಲು ನೀವೇ ಕಾಗದದ ಮೇಲೆ ಕನಿಷ್ಠ ಎರಡು ದಾರಿಗಳಲ್ಲಿ ಬಿಡಿಸಿ, ಮಕ್ಕಳು ಎಲ್ಲಿ ಎಡವಬಹುದೆಂದು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಇದೇ ಎಳೆಯಲ್ಲಿ ನನ್ನದೂ ಒಂದು ಪ್ರಶ್ನೆ ಮೇಡಂ. ನಾನು ಗಣಿತದಲ್ಲಿ ಸ್ನಾತಕೋತ್ತರ ಪದವಿ ಪಡೆದವನು. ತರಬೇತಿಗಳಲ್ಲಿ ನಮ್ಮಿಂದ ಮತ್ತೆ ಭಿನ್ನರಾಶಿಗಳ ಲೆಕ್ಕ ಮಾಡಿಸುತ್ತಾರೆ. ವಿಷಯ ಗೊತ್ತಿರುವವರಿಗೆ ಬೋಧನಾ ವಿಧಾನವನ್ನಷ್ಟೇ ಹೇಳಿಕೊಟ್ಟರೆ ಸಾಲದೇ?

ಉತ್ತರ: ಸಾಲದು ಸರ್, ಮತ್ತು ಇದರಿಂದ ನಿಮ್ಮ ಪದವಿಗೆ ಯಾವ ಕುಂದೂ ಇಲ್ಲ. ವಿಷಯಜ್ಞಾನ ಮತ್ತು ಬೋಧನಾ ವಿಧಾನಗಳ ನಡುವೆ ಮೂರನೆಯದೊಂದು ಜ್ಞಾನವಿದೆ ಎಂದು ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ವಾದಿಸಿದರು. ಒಂದು ವಿಷಯವನ್ನು ಕಲಿಯುವವರಿಗೆ ಯಾವುದು ಕಷ್ಟ, ಯಾವ ಉದಾಹರಣೆ ಅದನ್ನು ಬಿಡಿಸಿ ತೋರಿಸುತ್ತದೆ, ಯಾವ ಉದಾಹರಣೆ ದಾರಿ ತಪ್ಪಿಸುತ್ತದೆ ಎಂಬ ತಿಳಿವಳಿಕೆ ಅದು. ಪದವಿ ತರಗತಿಗಳಲ್ಲಿ ಅದು ಸಾಮಾನ್ಯವಾಗಿ ಸಿಗುವುದಿಲ್ಲ.

ಒಂದು ಪ್ರಯೋಗ ಮಾಡಿ ನೋಡಿ. ಒಂದೂ ಮುಕ್ಕಾಲನ್ನು ಅರ್ಧದಿಂದ ಭಾಗಿಸಿದರೆ ಮೂರೂವರೆ. ಅರ್ಧದ ವ್ಯುತ್ಕ್ರಮವಾದ ಎರಡರಿಂದ ಗುಣಿಸಿ ನೀವು ಕ್ಷಣದಲ್ಲಿ ಉತ್ತರ ಹೇಳುತ್ತೀರಿ. ಈಗ ಈ ಭಾಗಾಕಾರಕ್ಕೆ ಹೊಂದುವ ಒಂದು ಕಥೆಲೆಕ್ಕವನ್ನು ಬರೆಯಿರಿ. ಒಂದೂ ಮುಕ್ಕಾಲು ರೊಟ್ಟಿಯನ್ನು ಇಬ್ಬರಿಗೆ ಸಮನಾಗಿ ಹಂಚುವ ಕಥೆ ಬಹಳ ಜನರಿಗೆ ಮೊದಲು ಹೊಳೆಯುತ್ತದೆ. ಆದರೆ ಅದು ಎರಡರಿಂದ ಭಾಗಿಸುವ ಲೆಕ್ಕ, ಅರ್ಧದಿಂದ ಭಾಗಿಸುವುದಲ್ಲ. ಒಂದೂ ಮುಕ್ಕಾಲು ಮೀಟರ್ ರಿಬ್ಬನ್ನಿನಲ್ಲಿ ಅರ್ಧ ಮೀಟರಿನ ಎಷ್ಟು ತುಂಡುಗಳಿವೆ ಎಂದು ಕೇಳಿದರೆ ಲೆಕ್ಕ ಸರಿಯಾಗುತ್ತದೆ. ಇಷ್ಟಕ್ಕೇ ಮುಗಿಯುವುದಿಲ್ಲ. ರಿಬ್ಬನ್ ಕತ್ತರಿಸಿದ ಮಗು ‘ಮೂರು ತುಂಡು ಬಂತು, ಕಾಲು ಮೀಟರ್ ಉಳಿಯಿತು’ ಎನ್ನುತ್ತದೆ. ಪುಸ್ತಕದ ಹಿಂದಿನ ಉತ್ತರವೋ ಮೂರೂವರೆ. ಉಳಿದದ್ದು ಕಾಲಾದರೆ ಉತ್ತರದಲ್ಲಿ ಅರ್ಧ ಹೇಗೆ ಬಂತು ಎಂದು ಆ ಮಗು ಕೇಳಿದಾಗ, ಕಾಲು ಎಂದು ಅಳೆದದ್ದು ಮೀಟರನ್ನು ಮಾನವಾಗಿಟ್ಟುಕೊಂಡು, ಅರ್ಧ ಎಂದು ಅಳೆದದ್ದು ತುಂಡನ್ನು ಮಾನವಾಗಿಟ್ಟುಕೊಂಡು ಎಂಬುದನ್ನು ನಾವು ಅಲ್ಲೇ ತೋರಿಸಿಕೊಡಲು ಸಿದ್ಧರಿರಬೇಕು. ಭಿನ್ನರಾಶಿಯ ತಿರುಳೇ ಈ ಪ್ರಶ್ನೆಯಲ್ಲಿದೆ.

ಒಂದೂ ಮುಕ್ಕಾಲರ ಇದೇ ಲೆಕ್ಕವನ್ನು ಲಿಪಿಂಗ್ ಮಾ ಎಂಬ ಸಂಶೋಧಕಿ ಅಮೆರಿಕದ 23 ಮತ್ತು ಚೀನಾದ 72 ಪ್ರಾಥಮಿಕ ಶಾಲಾ ಶಿಕ್ಷಕರ ಮುಂದಿಟ್ಟಿದ್ದರು. ಅವರ ಅಧ್ಯಯನ 1999ರಲ್ಲಿ ಪುಸ್ತಕವಾಗಿ ಬಂತು. ಅಮೆರಿಕದವರಲ್ಲಿ ಗಣಿತದ ಅರ್ಥಕ್ಕೆ ಹೊಂದುವ ಕಥೆಯನ್ನು ಕಟ್ಟಿದವರು ಒಬ್ಬರು ಮಾತ್ರ. ಚೀನಾದವರಲ್ಲಿ ಹೆಚ್ಚಿನವರು ಕಟ್ಟಿದರು. ಚೀನಾದ ಆ ಶಿಕ್ಷಕರು ಶಾಲೆ-ಕಾಲೇಜುಗಳಲ್ಲಿ ಓದಿದ ವರ್ಷಗಳು ಅಮೆರಿಕದವರಿಗಿಂತ ಕಡಿಮೆ ಎಂಬುದನ್ನು ನಾವು ಗಮನಿಸಬೇಕು. ತಾವು ಬೋಧಿಸುವ ಪಠ್ಯಪುಸ್ತಕವನ್ನೇ ಆಳವಾಗಿ ಅಭ್ಯಾಸ ಮಾಡುವುದು, ಸಹೋದ್ಯೋಗಿಗಳ ಜೊತೆ ಕುಳಿತು ಪಾಠದ ಕುರಿತು ಚರ್ಚಿಸುವುದು ಅವರ ವೃತ್ತಿಜೀವನದ ಭಾಗವಾಗಿತ್ತು. ಆದ್ದರಿಂದ ತರಬೇತಿಯಲ್ಲಿ ಭಿನ್ನರಾಶಿ ಮಾಡಿಸುವುದರಲ್ಲಿ ತಪ್ಪಿಲ್ಲ. ವಿಧಿಯನ್ನಷ್ಟೇ ಮತ್ತೆ ಮಾಡಿಸಿ ಕಳುಹಿಸುತ್ತಿದ್ದರೆ ನಿಮ್ಮ ಅಸಮಾಧಾನ ನ್ಯಾಯವಾದದ್ದೇ.

ಪ್ರಶ್ನೆ: ಸಹೋದ್ಯೋಗಿಗಳ ಜೊತೆ ಚರ್ಚಿಸಿ ಎನ್ನುತ್ತೀರಿ. ನಮ್ಮ ಶಾಲೆಯಲ್ಲಿ ಗಣಿತಕ್ಕೆ ನಾನೊಬ್ಬಳೇ. ನನ್ನಂಥವರು ಏನು ಮಾಡಬೇಕು?

ಉತ್ತರ: ಜಪಾನಿನ ಶಿಕ್ಷಕರಲ್ಲಿ ಪಾಠ ಅಧ್ಯಯನ ಎಂಬ ಪದ್ಧತಿ ನೂರಕ್ಕೂ ಹೆಚ್ಚು ವರ್ಷಗಳಿಂದ ಬೆಳೆದುಬಂದಿದೆ. ಕೆಲವು ಶಿಕ್ಷಕರು ಸೇರಿ ಒಂದು ಪಾಠವನ್ನು ಯೋಜಿಸುತ್ತಾರೆ. ಒಬ್ಬರು ಬೋಧಿಸುವಾಗ ಉಳಿದವರು ಬೋಧಿಸುವವರನ್ನು ಅಳೆಯುವುದಕ್ಕಲ್ಲ, ಮಕ್ಕಳು ಏನು ಯೋಚಿಸುತ್ತಿದ್ದಾರೆ ಎಂಬುದನ್ನು ಗುರುತಿಸಿಕೊಳ್ಳುವುದಕ್ಕಾಗಿ ತರಗತಿಯಲ್ಲಿ ನಿಲ್ಲುತ್ತಾರೆ. ಬಳಿಕ ಎಲ್ಲರೂ ಕುಳಿತು ಚರ್ಚಿಸುತ್ತಾರೆ. ಇದರಲ್ಲಿ ಒಬ್ಬರೇ ಮಾಡಬಹುದಾದ ಭಾಗವೂ ದೊಡ್ಡದಿದೆ. ಪಾಠಕ್ಕೆ ಮೊದಲು ಮಕ್ಕಳು ಕೊಡಬಹುದಾದ ಉತ್ತರಗಳನ್ನು ಊಹಿಸಿ ಬರೆದಿಡಿ. ಪಾಠವಾದ ಮೇಲೆ ನೋಟ್‌ಬುಕ್‌ಗಳಿಂದ ಒಂದು ಸರಿಯಾದ, ಒಂದು ತಪ್ಪಾದ, ಒಂದು ನಿಮಗೇ ಅರ್ಥವಾಗದ ಉತ್ತರವನ್ನು ಎತ್ತಿಕೊಂಡು ನಿಮ್ಮ ಊಹೆಯೊಂದಿಗೆ ಹೋಲಿಸಿ. ಅರ್ಥವಾಗದ ಉತ್ತರವೇ ಹೆಚ್ಚು ಕಲಿಸುತ್ತದೆ ಎಂಬುದು ನನ್ನ ಅನುಭವ. ಮಗುವಿನ ಹೆಸರು ಕಾಣದಂತೆ ಆ ಉತ್ತರದ ಚಿತ್ರವನ್ನು ನಮ್ಮ ಈ ಶಿಕ್ಷಕರ ಗುಂಪಿನಲ್ಲಿ ಹಾಕಿ, ‘ಈ ಮಗು ಹೀಗೆ ಏಕೆ ಯೋಚಿಸಿರಬಹುದು’ ಎಂದು ಕೇಳಿ. ‘ಇದನ್ನು ಹೇಗೆ ಸರಿಪಡಿಸಲಿ’ ಎಂಬ ಪ್ರಶ್ನೆ ಆಮೇಲೆ ಬರಲಿ. ಮೊದಲೇ ಬಂದರೆ ಎಲ್ಲರೂ ತಂತಮ್ಮ ಉಪಾಯಗಳನ್ನು ಹೇಳತೊಡಗುತ್ತಾರೆ, ಮಗುವಿನ ಯೋಚನೆಯನ್ನು ಯಾರೂ ನೋಡುವುದಿಲ್ಲ. ಗಣಿತದವರೇ ಸಿಗದಿದ್ದರೆ ವಿಜ್ಞಾನದ ಅಥವಾ ಭಾಷೆಯ ಶಿಕ್ಷಕರನ್ನು ಒಂದು ಅವಧಿಗೆ ಕರೆಯಿರಿ. ಮಕ್ಕಳ ಮಾತನ್ನು ಕಿವಿಗೊಟ್ಟು ಕೇಳಿ ಬರೆದುಕೊಳ್ಳುವ ಕೆಲಸಕ್ಕೆ ವಿಷಯದ ಹಂಗಿಲ್ಲ.

ಪ್ರಶ್ನೆ: ಶಾಲೆಗೆ ಸ್ವಲ್ಪ ಹಣ ಬಂದಿದೆ. ಹತ್ತು-ನೂರರ ಕಟ್ಟುಗಳಂಥ ಬೋಧನೋಪಕರಣಗಳನ್ನು ಕೊಳ್ಳುವುದೋ, ಕಂಪ್ಯೂಟರಿನಲ್ಲಿ ಜಿಯೋಜೀಬ್ರಾದಂಥ ಗಣಿತ ತಂತ್ರಾಂಶ ಕಲಿಸುವುದೋ?

ಉತ್ತರ: ಬೋಧಿಸುವ ಪಾಠವನ್ನು ನೋಡಿ ನಿರ್ಧರಿಸಿ. ಸ್ಥಾನಬೆಲೆಗೆ ಕಟ್ಟುಗಳು ಚೆನ್ನಾಗಿ ಒದಗುತ್ತವೆ. ಆದರೆ 52ರಿಂದ 27ನ್ನು ಕಟ್ಟುಗಳಲ್ಲಿ ಸರಿಯಾಗಿ ಕಳೆದ ಮಗು ಹಾಳೆಯ ಮೇಲೆ 35 ಎಂದು ಬರೆಯುವುದುಂಟು, ಏಕೆಂದರೆ 7ರಿಂದ 2ನ್ನು ಕಳೆದಿರುತ್ತದೆ. ಹತ್ತರ ಒಂದು ಕಟ್ಟನ್ನು ಬಿಡಿಸಿ ಹತ್ತು ಬಿಡಿಗಳನ್ನಾಗಿ ಮಾಡಿದ ಆ ಗಳಿಗೆಯಲ್ಲೇ ಹಾಳೆಯ ಮೇಲೆ 5ನ್ನು ಹೊಡೆದು 4 ಎಂದು ಬರೆಸಬೇಕು. ಉಪಕರಣ ತಾನಾಗಿ ಈ ಸಂಬಂಧವನ್ನು ಕಲ್ಪಿಸುವುದಿಲ್ಲ. ಜಿಯೋಜೀಬ್ರಾ ಉಚಿತವಾಗಿ ಸಿಗುವುದರಿಂದ ಅದಕ್ಕೆ ಹಣ ಬೇಡ, ಸಮಯ ಬೇಕು. ತ್ರಿಭುಜದ ಪಾದವನ್ನು ಹಾಗೆಯೇ ಇಟ್ಟು ಶೃಂಗವನ್ನು ಪಾದಕ್ಕೆ ಸಮಾಂತರವಾದ ರೇಖೆಯ ಮೇಲೆ ಎಳೆದರೆ ಸುತ್ತಳತೆ ಬದಲಾಗುತ್ತದೆ, ವಿಸ್ತೀರ್ಣ ಬದಲಾಗುವುದಿಲ್ಲ. ಇದನ್ನು ಕಪ್ಪುಹಲಗೆಯ ಮೇಲೆ ಇಷ್ಟು ಸ್ಪಷ್ಟವಾಗಿ ತೋರಿಸಲಾಗದು. ಶೃಂಗವನ್ನು ಎಳೆಯುವ ಮುನ್ನ ಏನಾಗುತ್ತದೆಂದು ಪ್ರತಿಯೊಂದು ಮಗುವೂ ಬರೆದಿಡಲಿ.

ಪ್ರಶ್ನೆ: ನಾನು ಮುಖ್ಯ ಶಿಕ್ಷಕ. ತರಬೇತಿಯಿಂದ ಮರಳಿದ ಶಿಕ್ಷಕರಿಂದ ವರದಿ ಬರೆಸಿಕೊಳ್ಳುತ್ತೇವೆ. ಅದರಿಂದ ಪ್ರಯೋಜನ ಕಾಣುತ್ತಿಲ್ಲ. ಬೇರೆ ಏನು ಕೇಳಬಹುದು?

ಉತ್ತರ: ವರದಿಯ ಬದಲು ಸಮಯ ಕೊಡಿ ಸರ್. ತರಬೇತಿಯಲ್ಲಿ ಮಾಡಿದ ಒಂದು ಚಟುವಟಿಕೆಯನ್ನು ಅವರು ತಮ್ಮ ತರಗತಿಯಲ್ಲಿ ಮಾಡಲಿ. ಮಕ್ಕಳ ನೋಟ್‌ಬುಕ್‌ಗಳನ್ನು ಹಿಡಿದು ಇನ್ನೊಬ್ಬ ಶಿಕ್ಷಕರ ಜೊತೆ ಕೂರಲು ವೇಳಾಪಟ್ಟಿಯಲ್ಲೇ ಒಂದು ಅವಧಿ ಬಿಡುವಾಗಿರಲಿ. ಸಾಧ್ಯವಾದರೆ ನೀವೂ ಬಂದು ಕುಳಿತುಕೊಳ್ಳಿ, ಆದರೆ ಆ ಅವಧಿಯನ್ನು ಶಿಕ್ಷಕರ ಮೌಲ್ಯಮಾಪನಕ್ಕೆ ಬಳಸುವುದಿಲ್ಲವೆಂದು ಮೊದಲೇ ಹೇಳಿಬಿಡಿ. ಮೌಲ್ಯಮಾಪನದ ಭಯವಿದ್ದರೆ ಅವರು ಚೆನ್ನಾಗಿರುವ ನೋಟ್‌ಬುಕ್‌ಗಳನ್ನಷ್ಟೇ ತರುತ್ತಾರೆ.