ಮಾದರಿ ರೈಲು, ಹಿತ್ತಾಳೆ ಕಿಟ್‌ನ 0-6-0 (ಆರು ಗಾಲಿಯ) ಟ್ಯಾಂಕ್ ಎಂಜಿನ್: ಕಪ್ಲಿಂಗ್ ರಾಡ್ (ಗಾಲಿಗಳನ್ನು ಒಂದಕ್ಕೊಂದು ಜೋಡಿಸುವ ಸರಳು) ಹಾಕಿದ ಕೂಡಲೇ ಗಾಲಿ ಬಿಗಿಯುತ್ತಿದೆ

ಅಚ್ಚುಗಾಲಿ:
ಓ ಗೇಜ್, ಅಂದರೆ ಹಳಿಗಳ ನಡುವೆ 32 ಮಿ.ಮೀ. ಬಾಡಿ ಎಚ್ಚಿಂಗ್ ಮಾಡಿದ (ರಾಸಾಯನಿಕದಿಂದ ಕೊರೆದ) ಹಿತ್ತಾಳೆ ಹಾಳೆ, ಫ್ರೇಮ್ ನಿಕಲ್ ಸಿಲ್ವರ್. ಸಿಲಿಂಡರ್ ಹೊರಗಡೆ ಇರುವ ಮಾದರಿ. ಆಕ್ಸಲ್ ಬುಷ್‌ಗಳನ್ನು (ಆಕ್ಸಲ್ ಒಳಗೆ ತಿರುಗುವ ಲೋಹದ ಬಳೆಗಳು) ಫ್ರೇಮಿಗೆ ನೇರವಾಗಿ ಬೆಸೆದಿದೆ, ಸ್ಪ್ರಿಂಗ್ ಇಲ್ಲ. ಗಾಲಿಗಳು ದುಂಡು ಆಕ್ಸಲ್ ಮೇಲೆ ಒತ್ತಿ ಕೂರಿಸುವಂಥವು.

ರಾಡ್ ಇಲ್ಲದಿದ್ದರೆ ಮೂರೂ ಆಕ್ಸಲ್ ಬೆರಳು ತಾಕಿಸಿದರೆ ಸಾಕು, ಸಲೀಸಾಗಿ ತಿರುಗುತ್ತವೆ. ಎರಡೂ ಬದಿ ರಾಡ್ ಹಾಕಿದರೆ ಒಂದು ಸುತ್ತಿನಲ್ಲಿ ಎರಡು ಕಡೆ ಕಚ್ಚಿಕೊಳ್ಳುತ್ತದೆ. ರಾಡ್ ತೂತುಗಳನ್ನು ಬ್ರೋಚ್ ಹಾಕಿ ದೊಡ್ಡದು ಮಾಡಿದರೆ ಸರಿಹೋದೀತೇ?

ಜೊತೆಗೆ ಇನ್ನೊಂದು. ಕ್ಯಾಬ್ ಅಂಚಿನ ಪಟ್ಟಿಯ ಒಂದು ತುದಿ ಬೆಸೆಯುವಷ್ಟರಲ್ಲಿ ಇನ್ನೊಂದು ತುದಿ ಬಿಟ್ಟುಕೊಳ್ಳುತ್ತದೆ. ವೈಟ್‌ಮೆಟಲ್ (ಬೇಗ ಕರಗುವ ಮೆತ್ತನೆ ಲೋಹ) ಡೋಮ್‌ನ, ಅಂದರೆ ಬಾಯ್ಲರ್ ಮೇಲಿನ ಗುಮ್ಮಟದ, ಅಂಚೂ ಸ್ವಲ್ಪ ಕರಗಿದೆ.

ಮೂರನೇ ಆಕ್ಸಲ್:
ಬ್ರೋಚ್ ಕೆಳಗಿಡಿ ಸರ್. ಕಾರಣ ತಿಳಿಯದೆ ತೂತು ಅಗಲ ಮಾಡುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಮೂರೂ ಕ್ರ್ಯಾಂಕ್‌ಪಿನ್‌ಗಳಲ್ಲಿ (ರಾಡ್ ಸಿಕ್ಕಿಸುವ, ಗಾಲಿಯ ಮೇಲಿನ ಪಿನ್) ಸಡಿಲ ಬಂದರೆ ಎಂಜಿನ್ ತಿರುಗುತ್ತದೆ, ನಿಜ. ಆದರೆ ನಿಧಾನ ವೇಗದಲ್ಲಿ ಕುಂಟುತ್ತದೆ.

ಮೋಟಾರು, ಗೇರ್‌ಬಾಕ್ಸ್ ಮೊದಲು ಬಿಚ್ಚಿಡಿ. ಎಲ್ಲಿ ಕಚ್ಚುತ್ತದೆ, ಒಂದು ಸುತ್ತಿಗೆ ಎಷ್ಟು ಸಲ ಕಚ್ಚುತ್ತದೆ ಎಂಬುದರಲ್ಲೇ ರೋಗ ಗೊತ್ತಾಗುತ್ತದೆ:

ಒಂದು ಬದಿಯ ಕ್ರ್ಯಾಂಕ್‌ಪಿನ್‌ಗಳು ಪೂರ್ತಿ ಮುಂದೆ ಅಥವಾ ಪೂರ್ತಿ ಹಿಂದೆ, ಅಂದರೆ ಡೆಡ್ ಸೆಂಟರಿನಲ್ಲಿ ಇದ್ದಾಗ ಬಿಗಿ, ಸುತ್ತಿಗೆ ಎರಡೇ ಸಲ: ಆ ಬದಿಯ ರಾಡ್ ತೂತುಗಳ ಅಂತರಕ್ಕೂ ಆಕ್ಸಲ್‌ಗಳ ಅಂತರಕ್ಕೂ ತಾಳೆಯಿಲ್ಲ, ಇಲ್ಲವೇ ಒಂದು ಪಿನ್ ಸೊಟ್ಟಗಿದೆ.

ಡೆಡ್ ಸೆಂಟರಿನಲ್ಲಿ ಸರಾಗ, ಪಿನ್ ಓರೆಯಾಗಿ 45 ಡಿಗ್ರಿಯ ಆಸುಪಾಸು ಬಂದಾಗ ಬಿಗಿ, ಸುತ್ತಿಗೆ ನಾಲ್ಕು ಸಲ: ಕ್ವಾರ್ಟರಿಂಗ್, ಅಂದರೆ ಎಡ ಬಲ ಪಿನ್‌ಗಳ ನಡುವಿನ ಕಾಲು ಸುತ್ತಿನ ಕೋನ, ತಪ್ಪಿದೆ. ಎಡ ಬಲ ಪಿನ್‌ಗಳ ನಡುವೆ ಕರಾರುವಾಕ್ಕಾಗಿ 90 ಡಿಗ್ರಿ ಇರಲೇಬೇಕೆಂದಿಲ್ಲ. 89 ಇದ್ದರೂ ನಡೆಯುತ್ತದೆ, ಆದರೆ ಮೂರೂ ಆಕ್ಸಲ್‌ಗಳಲ್ಲಿ ಅದೇ 89 ಇರಬೇಕು.

ನಿಮ್ಮದು ಎರಡು ಸಲ ಎನ್ನುತ್ತೀರಿ, ಹಾಗಾಗಿ ಕ್ವಾರ್ಟರಿಂಗ್ ಮುಟ್ಟಬೇಡಿ. ರಾಡ್ ನಡುವೆ ಕೀಲು ಇದ್ದರೆ ಬಿಚ್ಚಿ, ಮುಂದಿನ ಜೋಡಿ ಬೇರೆ, ಹಿಂದಿನ ಜೋಡಿ ಬೇರೆ ತಿರುಗಿಸಿ ನೋಡಿ. ತಪ್ಪಿರುವ ಜೋಡಿ ಸಿಕ್ಕಮೇಲೆ ಆ ಬದಿಯ ರಾಡಿನ ಒಂದು ತುದಿ ಕಳಚಿ, ಇನ್ನೊಂದು ಬದಿಯ ರಾಡ್ ಹಾಗೇ ಇರಲಿ. ಪಿನ್ ಮುಂದಿನ ಡೆಡ್ ಸೆಂಟರಿನಲ್ಲಿದ್ದಾಗ ತೂತು ಪಿನ್ನಿಗಿಂತ ಎತ್ತ ಸರಿದಿದೆ ಎಂದು ಭೂತಗನ್ನಡಿಯಲ್ಲಿ ನೋಡಿ. ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಿ. ಎರಡು ಸಲವೂ ಒಂದೇ ದಿಕ್ಕಿಗೆ ಸರಿದಿದ್ದರೆ ಅಂತರದ ತಪ್ಪು. ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸರಿದರೆ ಪಿನ್ ಸೊಟ್ಟ.

ಬೆಸುಗೆಭಟ್ಟ:
ಮೇಲಿನದ್ದು ಸರಿ. ಆದರೆ ಬ್ರೋಚನ್ನೇ ಮುಟ್ಟಬೇಡಿ ಎನ್ನುವುದು ಸ್ವಲ್ಪ ಹೆಚ್ಚಾಯಿತು. ಎಚ್ಚಿಂಗ್ ತೂತು ಎಂದೂ ಪೂರ್ತಿ ದುಂಡಗಿರುವುದಿಲ್ಲ, ಹಾಳೆಯ ದಪ್ಪದ ನಡುವೆ ಚೂಪು ಅಂಚು ಉಳಿದಿರುತ್ತದೆ. ಎರಡು ಪದರ ಬೆಸೆದ ರಾಡಿನಲ್ಲಿ ಅದು ಇನ್ನೂ ಹೆಚ್ಚು. ಅದನ್ನು ಕೆರೆದು, ಪಿನ್ನಿಗಿಂತ ಸುಮಾರು 0.1 ಮಿ.ಮೀ. ಸಡಿಲ ಬಿಡುವುದು ಮಾಡಲೇಬೇಕಾದ ಕೆಲಸ. ಅದಕ್ಕಿಂತ ಮುಂದೆ ಹೋಗಬಾರದು, ಅಷ್ಟೇ.

ಈಗ ಪಟ್ಟಿ, ಡೋಮ್. ಫ್ರೇಮ್, ಫುಟ್‌ಪ್ಲೇಟ್, ಕ್ಯಾಬ್ ಗೋಡೆಗೆ 188 ಡಿಗ್ರಿಗೆ ಕರಗುವ ಸೋಲ್ಡರ್, ಅದರ ಮೇಲೆ ಕೂರುವ ಸಣ್ಣ ಪುಟ್ಟದ್ದಕ್ಕೆ 145 ಡಿಗ್ರಿಯದು, ವೈಟ್‌ಮೆಟಲ್‌ಗೆ 70 ಡಿಗ್ರಿಯದು. ಎಲ್ಲದಕ್ಕೂ ಒಂದೇ ಸೋಲ್ಡರ್ ಬಳಸಿದರೆ ಹೊಸದನ್ನು ಬೆಸೆಯುವಾಗ ಹಳೆಯದು ಬಿಡುವುದು ಸಹಜ. ಪಟ್ಟಿಯ ಬೆನ್ನಿಗೆ ಮೊದಲೇ ತೆಳ್ಳಗೆ 145 ಸವರಿಕೊಳ್ಳಿ. ಫ್ಲಕ್ಸ್ (ಬೆಸುಗೆ ಹಿಡಿಯಲು ನೆರವಾಗುವ ದ್ರವ) ಹಚ್ಚಿ ನಟ್ಟನಡುವೆ ಒಂದು ಚುಕ್ಕೆ, ಆಮೇಲೆ ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ಎಂದು ತುದಿಯತ್ತ ಸಾಗಿ. ತುದಿಯಿಂದ ಶುರು ಮಾಡಿದರೆ ಪಟ್ಟಿ ಬಿಸಿಗೆ ಉದ್ದವಾಗಿ ನಡುವೆ ಉಬ್ಬುತ್ತದೆ. ಬೆಸೆದ ಜಾಗದ ಮೇಲೆ ಒದ್ದೆ ಹತ್ತಿ ಇಟ್ಟರೆ ಬಿಸಿ ಅಲ್ಲಿಗೇ ನಿಲ್ಲುತ್ತದೆ.

ಬೆಸುಗೆ ಐರನ್ ಎಷ್ಟು ವಾಟ್ ಅಂತ ಬರೆದಿಲ್ಲ. 25 ವಾಟಿನದಾದರೆ ಈ ಗಾತ್ರಕ್ಕೆ ಸಾಲದು. ಕಾಯಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಬಿಸಿ ಎಲ್ಲ ಕಡೆ ಹರಡಿ ಪಕ್ಕದ ಕೀಲೂ ಬಿಡುತ್ತದೆ. 50 ವಾಟ್, ಅಗಲ ಉಳಿ ಮೊನೆ, ಎರಡು ಸೆಕೆಂಡಿನ ಕೆಲಸ.

70 ಡಿಗ್ರಿ ಸೋಲ್ಡರ್ ಬರಿ ಹಿತ್ತಾಳೆಗೆ ಅಂಟುವುದಿಲ್ಲ. ಡೋಮ್ ಕೂರುವ ಜಾಗಕ್ಕೆ ಮೊದಲು 145 ಸವರಿ, ಐರನ್ನಿನ ಬಿಸಿ ಇಳಿಸಿ, ಆಮೇಲೆ 70. ಬಿಸಿ ಇಳಿಸುವ ಐರನ್ ಇಲ್ಲದಿದ್ದರೆ ಡೋಮಿಗೆ ಎಪಾಕ್ಸಿಯೇ ವಾಸಿ, ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಕಿಟಕಿ ತೆರೆದಿರಲಿ, ಕೆಲವು ಕಡಿಮೆ ಬಿಸಿಯ ಸೋಲ್ಡರ್‌ಗಳಲ್ಲಿ ಕ್ಯಾಡ್ಮಿಯಂ ಇರುತ್ತದೆ.

ಫಾಸ್ಫಾರಿಕ್ ಆಸಿಡ್ ಫ್ಲಕ್ಸ್ ಆದರೆ ಪ್ರತಿದಿನದ ಕೆಲಸ ಮುಗಿದೊಡನೆ ಸೋಪಿನ ಬಿಸಿನೀರಲ್ಲಿ ಬ್ರಷ್ ಹಾಕಿ ತೊಳೆಯಿರಿ, ಗಾಲಿ ಕಳಚಿಟ್ಟು. ಉಕ್ಕಿನ ಆಕ್ಸಲ್‌ಗೆ ಆ ಆಸಿಡ್ ತಗುಲಿದರೆ ಬೆಳಗಾಗುವಷ್ಟರಲ್ಲಿ ತುಕ್ಕು.

ಅಚ್ಚುಗಾಲಿ:
ಐರನ್ 25 ವಾಟಿನದೇ. ಜೋಡಿ ಬೇರೆ ಮಾಡಿ ನೋಡಿದೆ: ಬಲಗಡೆ, ನಡು ಮತ್ತು ಹಿಂದಿನ ಆಕ್ಸಲ್ ನಡುವೆ ತಪ್ಪು. ಎರಡೂ ಡೆಡ್ ಸೆಂಟರಿನಲ್ಲಿ ತೂತು ಪಿನ್ನಿಗಿಂತ ಹಿಂದಕ್ಕೆ, ಕೂದಲೆಳೆಗಿಂತ ಸ್ವಲ್ಪ ಹೆಚ್ಚು.

ಮೂರನೇ ಆಕ್ಸಲ್:
ಹಾಗಾದರೆ ಬಲಬದಿಯ ಹಿಂದಿನ ಬುಷ್ ಅಷ್ಟು ಮುಂದಕ್ಕೆ ಕೂತಿದೆ. ಮೊದಲು ಎಡ ಬಲ ರಾಡ್‌ಗಳನ್ನು ಒಂದರ ಮೇಲೊಂದಿಟ್ಟು ಡ್ರಿಲ್ ಬಿಟ್ಟಿನ ಬುಡ ಎರಡೂ ತೂತಿನಲ್ಲಿ ಒಟ್ಟಿಗೆ ತೂರುತ್ತದೆಯೇ ನೋಡಿ. ತೂರಿದರೆ ರಾಡ್ ನಿರಪರಾಧಿ. ಗಾಲಿ ಕಳಚಿ ಬುಷ್ ಬಿಡಿಸಿ, ಫ್ರೇಮಿನ ತೂತನ್ನು ದುಂಡು ಅರದಿಂದ ಹಿಂಬದಿಗೆ ಕಾಲು ಮಿ.ಮೀ. ತೆಗೆಯಿರಿ. ತುದಿಗಳನ್ನು ರಾಡ್ ತೂತಿನ ಅಳತೆಗೆ ಸಣ್ಣ ಮಾಡಿದ ಮೂರು ಜಿಗ್ ಆಕ್ಸಲ್ (ಅಳತೆ ಹಿಡಿಯಲು ತಾತ್ಕಾಲಿಕವಾಗಿ ಹಾಕುವ ಆಕ್ಸಲ್) ತೂರಿಸಿ, ಆ ತುದಿಗಳಿಗೆ ರಾಡನ್ನೇ ಸಿಕ್ಕಿಸಿ. ಈಗ ಅಂತರ ಹೇಳುವುದು ರಾಡ್, ಫ್ರೇಮ್ ಅಲ್ಲ. ಆ ಸ್ಥಿತಿಯಲ್ಲಿ ಬುಷ್ ಬೆಸೆದು, ಗಾಜಿನ ಮೇಲಿಟ್ಟು ಆರೂ ಗಾಲಿ ಕೂರುತ್ತವೆಯೇ ನೋಡಿ. ಒಂದು ಮೂಲೆ ಎದ್ದರೆ ಬುಷ್ ಮೇಲೆ ಕೆಳಗೂ ಸರಿದಿದೆ ಎಂದರ್ಥ.

ಕ್ರಾಸ್‌ಹೆಡ್:
ರಾಡ್ ಸರಿಹೋದ ಮೇಲೆ ಮುಂದಿನ ಕಾಟ ಎಲ್ಲಿ ಅಂತ ಈಗಲೇ ಹೇಳಿಬಿಡುತ್ತೇನೆ. ಹೊರಗಡೆ ಸಿಲಿಂಡರ್ ಇರುವ ಎಂಜಿನ್‌ನಲ್ಲಿ ಮುಂದಿನ ಗಾಲಿಯ ಕ್ರ್ಯಾಂಕ್‌ಪಿನ್ ನಟ್ಟು ಕ್ರಾಸ್‌ಹೆಡ್ಡಿನ (ಪಿಸ್ಟನ್ ರಾಡ್ ತುದಿಯಲ್ಲಿ ಹಿಂದೆ ಮುಂದೆ ಜಾರುವ ತುಂಡು) ಬೆನ್ನಿಗೆ ತಾಗುತ್ತದೆ. ಆ ನಟ್ಟನ್ನು ತೆಳ್ಳಗೆ ಅರೆದು, ರಾಡಿನ ತೂತಿನ ಬಾಯಿ ಸ್ವಲ್ಪ ಕೊರೆದು ಒಳಗೇ ಕೂರಿಸಿ. ಮುಂದಿನ ಆಕ್ಸಲ್‌ಗೆ ವಾಷರ್ ಹಾಕಿ ಅಡ್ಡ ಅಲುಗಾಟ ತೆಗೆಯಿರಿ, ತಿರುವಿಗೆ ಬೇಕಾದ ಸಡಿಲವನ್ನು ನಡುವಿನ ಆಕ್ಸಲ್‌ಗೆ ಕೊಡಿ. ಸ್ಲೈಡ್‌ಬಾರ್ (ಕ್ರಾಸ್‌ಹೆಡ್ ಜಾರುವ ಪಟ್ಟಿ) ಬೆಸೆಯುವುದಕ್ಕೆ ಮುಂಚೆ ನೋಡಿಕೊಳ್ಳಿ, ಆಮೇಲೆ ಅಲ್ಲಿಗೆ ಅರದ ಮೊನೆಯೂ ಹೋಗುವುದಿಲ್ಲ.